ಮೂರನೇ ಕ್ಲಾಸಿಗೆ ಎಐ ಪಾಠ: ಶಾಲೆಯ ಪಠ್ಯಕ್ರಮದಲ್ಲಿ ನಿಜಕ್ಕೂ ಬದಲಾಗುತ್ತಿರುವುದೇನು?

2025ರ ಅಕ್ಟೋಬರ್ 30ರಂದು ಕೇಂದ್ರ ಶಿಕ್ಷಣ ಸಚಿವಾಲಯದಿಂದ ಒಂದು ಪ್ರಕಟಣೆ ಬಂತು. 2026-27ನೇ ಸಾಲಿನಿಂದ, 3ನೇ ತರಗತಿಯಿಂದಲೇ, ಕೃತಕ ಬುದ್ಧಿಮತ್ತೆ (ಎಐ) ಮತ್ತು ಕಂಪ್ಯುಟೇಶನಲ್ ಥಿಂಕಿಂಗ್ (ಸಮಸ್ಯೆಯನ್ನು ಸಣ್ಣ ಹೆಜ್ಜೆಗಳಿಗೆ ಒಡೆದು ಯೋಚಿಸುವ ಕ್ರಮ) ಎಂಬ ಎರಡನ್ನು ಶಾಲೆಯಲ್ಲಿ ಕಲಿಸಲಾಗುವುದು ಎಂಬುದು ಅದರ ಸಾರ. ಪಠ್ಯ ರೂಪಿಸಲು ಐಐಟಿ ಮದ್ರಾಸಿನ ಪ್ರೊ. ಕಾರ್ತಿಕ್ ರಾಮನ್ ಅಧ್ಯಕ್ಷತೆಯಲ್ಲಿ ಸಿಬಿಎಸ್‌ಇ ಒಂದು ತಜ್ಞರ ಸಮಿತಿಯನ್ನೂ ಮಾಡಿತು. ಇಂಥ ಸುದ್ದಿ ಬಂದಾಗ ತಂದೆತಾಯಿಯರ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಮಗ್ಗಿಯೇ ಸರಿಯಾಗಿ ಬಾರದ ಮಗುವಿಗೆ ಎಐ ಯಾಕೆ? ಮನೆಗೊಂದು ಲ್ಯಾಪ್‌ಟಾಪ್ ತರಬೇಕೆ? ನಮ್ಮ ಮಗು ಸ್ಟೇಟ್ ಸಿಲಬಸ್, ನಮಗೂ ಇದು ಅನ್ವಯವೇ?

ನಡುವಿನ ಪ್ರಶ್ನೆಗೆ ಉತ್ತರ ಸುಲಭ: ಬೇಡ. ಎಂಟು ವರ್ಷದ ಮಗುವಿಗೆ ಈ ಪಾಠ ಮಾಡಲು ಸೀಮೆಸುಣ್ಣ, ರಟ್ಟಿನ ಕಾರ್ಡು, ಒಂದಿಷ್ಟು ಖಾಲಿ ನೆಲ ಸಾಕು. ಉಳಿದ ಎರಡಕ್ಕೆ ಉತ್ತರ ಹೇಳಬೇಕಾದರೆ ಮೊದಲು ಪಠ್ಯಕ್ರಮ ಅನ್ನುವುದು ಹೇಗೆ ತಯಾರಾಗುತ್ತದೆ ಎಂದು ನೋಡಬೇಕು.

ಪಠ್ಯಕ್ರಮವೇ ಬೇರೆ, ಪಠ್ಯಪುಸ್ತಕವೇ ಬೇರೆ

ಮದುವೆ ಊಟವನ್ನು ನೆನೆಸಿಕೊಳ್ಳಿ. ಬಂದವರಿಗೆಲ್ಲ ಎಲೆ ಹಾಕಿಯೇ ಬಡಿಸಬೇಕು ಎಂದು ಮನೆಯ ಹಿರಿಯರು ತೀರ್ಮಾನಿಸುತ್ತಾರೆ. ಅದು ನೀತಿ, 2020ರ ಜುಲೈ 29ರಂದು ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿ ಅಂಥದ್ದು. ಎಲೆಯಲ್ಲಿ ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಸಿಹಿ ಯಾವಾಗ ಎಂಬ ಕ್ರಮವೇ ಪಠ್ಯಕ್ರಮ ಚೌಕಟ್ಟು. 2023ರ ಆಗಸ್ಟ್‌ನಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಮೆಟ್ಟಿಲಿನದು. ಭಟ್ಟರು ಬರೆದುಕೊಡುವ ಸಾಮಾನಿನ ಚೀಟಿ ಸಿಲಬಸ್. ಒಲೆಯಿಂದ ಇಳಿದ ಅಡುಗೆ ಪಠ್ಯಪುಸ್ತಕ. ಪಂಕ್ತಿಯಲ್ಲಿ ಬಡಿಸುವುದು ತರಗತಿಯ ಪಾಠ. ಉಂಡದ್ದು ಎಷ್ಟು ಮೈಗೆ ಹತ್ತಿತು ಎಂದು ನೋಡುವುದು ಪರೀಕ್ಷೆ, ಅಂದರೆ ಮೌಲ್ಯಮಾಪನ.

ಪತ್ರಿಕೆಯಲ್ಲಿ ನಾವು ಓದುವುದು ಬಹುಪಾಲು ಹಿರಿಯರ ತೀರ್ಮಾನದ ಸುದ್ದಿ. ಮಗುವಿನ ಎಲೆಗೆ ಅದು ಬರಲು ನಡುವೆ ಐದಾರು ಕೈ ದಾಟಬೇಕು. ಎಷ್ಟೋ ಸಲ ಚೀಟಿಯಲ್ಲಿದ್ದ ಸಾಮಾನು ಅಡುಗೆಮನೆಗೇ ಬಂದಿರುವುದಿಲ್ಲ. 2020ರ ನೀತಿಯಲ್ಲಿ ಕೋಡಿಂಗ್ ಕುರಿತು ಇದ್ದದ್ದು ಇಷ್ಟು: ಮಾಧ್ಯಮಿಕ ಹಂತದಲ್ಲಿ, ಅಂದರೆ 6ನೇ ತರಗತಿಯಿಂದ, ಮಕ್ಕಳಿಗೆ ಅದರ ಪರಿಚಯ ಆಗಬೇಕು. ಅದರ ಬೆನ್ನಿಗೇ ‘ಕೋಡಿಂಗ್ ಕಡ್ಡಾಯ, ಇಂದೇ ಸೇರಿಸಿ’ ಎಂಬ ಖಾಸಗಿ ಜಾಹೀರಾತುಗಳು ಬಂದವು. ಆಗಿನ್ನೂ ಚೌಕಟ್ಟೂ ಇರಲಿಲ್ಲ, ಸಿಲಬಸ್ಸೂ ಇರಲಿಲ್ಲ.

ಸ್ಟೇಟ್ ಸಿಲಬಸ್ ಮಕ್ಕಳಿಗೆ?

1976ರ 42ನೇ ತಿದ್ದುಪಡಿಯ ನಂತರ ಶಿಕ್ಷಣ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ರಾಜ್ಯವೂ ಎರಡೂ ಅದರಲ್ಲಿ ಕೈಯಾಡಿಸಬಹುದು. 1ರಿಂದ 8ನೇ ತರಗತಿಯವರೆಗಿನ ಪಠ್ಯಕ್ರಮವನ್ನು ಸರ್ಕಾರ ಹೆಸರಿಸಿದ ಶೈಕ್ಷಣಿಕ ಪ್ರಾಧಿಕಾರ ರೂಪಿಸಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ. ಕರ್ನಾಟಕದಲ್ಲಿ ಆ ಕೆಲಸ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿಯದು, ಪುಸ್ತಕ ಅಚ್ಚು ಹಾಕಿಸುವುದು ಕರ್ನಾಟಕ ಪಠ್ಯಪುಸ್ತಕ ಸಂಘ. ರಾಷ್ಟ್ರೀಯ ಚೌಕಟ್ಟು ರಾಜ್ಯಕ್ಕೆ ಮಾದರಿ, ಆಜ್ಞೆ ಅಲ್ಲ.

ಕರ್ನಾಟಕ ಸರ್ಕಾರ 2023ರಲ್ಲಿ ರಾಷ್ಟ್ರೀಯ ನೀತಿಯನ್ನು ಕೈಬಿಟ್ಟು ತನ್ನದೇ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ಆಯೋಗ ರಚಿಸಿತು. ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಹಾಗಾಗಿ ಸಿಬಿಎಸ್‌ಇ ಶಾಲೆಗೆ, ಕೇಂದ್ರೀಯ ವಿದ್ಯಾಲಯಕ್ಕೆ, ನವೋದಯಕ್ಕೆ ಹೋಗುವ ಮಗುವಿಗೆ ಮೇಲಿನ ಪ್ರಕಟಣೆ ನೇರವಾಗಿ ತಟ್ಟುತ್ತದೆ. ರಾಜ್ಯ ಪಠ್ಯಕ್ರಮದ ಮಗುವಿಗೆ ಅದು ತಟ್ಟುವುದು ರಾಜ್ಯ ತನ್ನ ಸಿಲಬಸ್ ತಿದ್ದಿದಾಗ ಮಾತ್ರ. ಎಸ್ಸೆಸ್ಸೆಲ್ಸಿಯ ತನಕ ರಾಜ್ಯ ಪಠ್ಯಕ್ರಮದಲ್ಲಿ ಓದಿ ಪಿಯುಸಿಗೆ ಸಿಬಿಎಸ್‌ಇ ಕಡೆ ಹೊರಳುವ ಯೋಚನೆ ಇರುವವರು ಈ ವ್ಯತ್ಯಾಸ ತಿಳಿದಿರಲಿ.

ಕೀಲಿಮಣೆಯಿಂದ ಯೋಚನೆಯ ಕಡೆಗೆ

ಶಾಲೆಗೆ ಕಂಪ್ಯೂಟರ್ ಬಂದದ್ದು ನಿನ್ನೆ ಮೊನ್ನೆ ಅಲ್ಲ. 1984ರಲ್ಲೇ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ತರಿಸಿ ಆಯ್ದ ಶಾಲೆಗಳಿಗೆ ಕೊಟ್ಟಿತ್ತು. ಕರ್ನಾಟಕದಲ್ಲಿ 2001ರ ಹೊತ್ತಿಗೆ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆ ಬಂತು. 2004ರಲ್ಲಿ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ. ಅಂದಿನ ಪಾಠ ಏನು? ಮೌಸ್ ಹಿಡಿಯುವುದು, ಪೇಂಟ್‌ನಲ್ಲಿ ಮನೆ ಬಿಡಿಸುವುದು, ವರ್ಡ್‌ನಲ್ಲಿ ರಜಾ ಅರ್ಜಿ ಬರೆಯುವುದು, ‘ಸಿಪಿಯು ಎಂದರೇನು’ ಎಂಬ ಪ್ರಶ್ನೆಗೆ ಮೂರು ಸಾಲು. ಯಂತ್ರ ನಡೆಸುವ ಪಾಠ ಅದು. ತೊಂದರೆ ಏನೆಂದರೆ ಆ ತಂತ್ರಾಂಶದ ಹೊಸ ಆವೃತ್ತಿ ಬಂದ ದಿನ ಕಲಿತದ್ದರ ಅರ್ಧ ಹಳತಾಗುತ್ತದೆ. ಜೊತೆಗೆ, ಫೋನು ನಡೆಸುವುದನ್ನು ಮಕ್ಕಳು ಶಾಲೆಗೆ ಬರುವ ಮೊದಲೇ ಕಲಿತಿರುತ್ತಾರೆ. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರಲ್ಲಿ ಸುಮಾರು 82 ಶೇಕಡಾ ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲರು ಎಂದು ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ 2024ರಲ್ಲಿ ಹೇಳಿತು. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಿ: ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಸುಮಾರು 57 ಶೇಕಡಾ, ಸಾಮಾಜಿಕ ಜಾಲತಾಣಕ್ಕೆ 76 ಶೇಕಡಾ.

ಅದಕ್ಕೇ ಒತ್ತು ಯಂತ್ರದಿಂದ ಯೋಚನೆಗೆ ಸರಿದಿದೆ. ಕಂಪ್ಯುಟೇಶನಲ್ ಥಿಂಕಿಂಗ್ ಎಂಬ ಮಾತನ್ನು ಶಿಕ್ಷಣ ಲೋಕದಲ್ಲಿ ಬಳಕೆಗೆ ತಂದದ್ದು ಅಮೆರಿಕದ ಗಣಕ ವಿಜ್ಞಾನಿ ಜೆನೆಟ್ ವಿಂಗ್ 2006ರಲ್ಲಿ ಬರೆದ ಲೇಖನ. ದೊಡ್ಡ ಸಮಸ್ಯೆಯನ್ನು, ಯಂತ್ರವೊಂದು ತಪ್ಪದೆ ಮಾಡಬಲ್ಲ ಸಣ್ಣ ಹೆಜ್ಜೆಗಳಿಗೆ ಇಳಿಸುವ ಕ್ರಮ ಎಂದು ತಿಳಿದರೆ ಸಾಕು. ಇದರಲ್ಲಿ ನಾಲ್ಕು ಅಭ್ಯಾಸಗಳನ್ನು ಹೇಳುತ್ತಾರೆ, ನಾಲ್ಕೂ ನಮಗೆ ಹೊಸವಲ್ಲ.

ಒಂದು, ಬಿಡಿಸುವುದು. ಶಾಲಾ ವಾರ್ಷಿಕೋತ್ಸವ ಅಂದರೆ ಗಾಬರಿ. ಶಾಮಿಯಾನ, ಆಹ್ವಾನ ಪತ್ರಿಕೆ, ನೃತ್ಯ, ತಿಂಡಿ ಎಂದು ಒಡೆದರೆ ಕೆಲಸ. ಎರಡು, ಮಾದರಿ ಗುರುತಿಸುವುದು. ನಮ್ಮ ಕಾಗುಣಿತಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವ್ಯಂಜನಗಳನ್ನು ಮೇಲಿನಿಂದ ಕೆಳಕ್ಕೆ, ಸ್ವರಚಿಹ್ನೆಗಳನ್ನು ಅಡ್ಡಕ್ಕೆ ಬರೆದು ಕೋಷ್ಟಕ ಮಾಡಿದರೆ ಪ್ರತಿ ಮನೆಯೂ ಒಂದೇ ನಿಯಮದಿಂದ ತುಂಬುತ್ತದೆ. ಹತ್ತಾರು ಚಿಹ್ನೆ ಕಲಿತ ಮಗು ನೂರಾರು ಅಕ್ಷರ ಓದುತ್ತದೆ. ಮಜಾ ಇರುವುದು ನಿಯಮ ಮುರಿಯುವ ಕಡೆ. ‘ಕು’ ಬರೆಯುವಾಗ ಕೊಂಬು ಪಕ್ಕಕ್ಕೆ ಬರುತ್ತದೆ. ‘ವ’ಕ್ಕೂ ಹಾಗೇ ಪಕ್ಕಕ್ಕೆ ಕೊಟ್ಟರೆ ಅದು ‘ಮ’ ಆಗಿಬಿಡುತ್ತದೆ, ಅದಕ್ಕೆ ‘ವು’, ‘ಪು’ಗಳಲ್ಲಿ ಕೊಂಬು ಕೆಳಗೆ. ನಿಯಮ ಇದೆ, ಅಪವಾದ ಇದೆ, ಅಪವಾದಕ್ಕೊಂದು ಕಾರಣ ಇದೆ ಎಂಬುದನ್ನು ಮಗು ತಾನೇ ಕಂಡುಕೊಂಡರೆ ಪ್ರೋಗ್ರಾಮಿಂಗ್‌ನ ಅರ್ಧ ದಾರಿ ಸವೆಸಿದಂತೆ. ಮೂರು, ಬೇಕಾದ್ದನ್ನಷ್ಟೇ ಇಟ್ಟುಕೊಳ್ಳುವುದು. ಬಸ್ಸಿನ ಬೋರ್ಡಿನಲ್ಲಿ ‘ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ’ ಎಂದಿರುತ್ತದೆ. ದಾರಿಯ ತಿರುವುಗಳ ಲೆಕ್ಕ ಪ್ರಯಾಣಿಕನಿಗೆ ಬೇಕಿಲ್ಲ. ನಾಲ್ಕು, ಹೆಜ್ಜೆಗಳ ಸರಣಿ, ಅಂದರೆ ಅಲ್ಗಾರಿದಂ. ದಶಕ ಹಿಡಿದು ಕೂಡುವ ಲೆಕ್ಕ ಮಾಡುವ ಎರಡನೇ ಕ್ಲಾಸಿನ ಮಗು ದಿನಾ ಅದನ್ನೇ ಮಾಡುತ್ತಿದೆ.

ಕಂಪ್ಯೂಟರೇ ಇಲ್ಲದ ಕಂಪ್ಯೂಟರ್ ಪಾಠ

ಸಣ್ಣ ತರಗತಿಗಳಲ್ಲಿ ಇದನ್ನು ಕಲಿಸುವ ವಿಧಾನಕ್ಕೆ ‘ಅನ್‌ಪ್ಲಗ್ಡ್’ ಎಂಬ ಹೆಸರಿದೆ, ಅಂದರೆ ಪ್ಲಗ್ ಹಾಕದೆ ನಡೆಸುವ ಪಾಠ. ಮೂರು ಚಟುವಟಿಕೆಗಳನ್ನು ವಿವರವಾಗಿ ನೋಡೋಣ. ಎಲ್ಲಿ ಕೆಡುತ್ತವೆ ಎಂಬುದೂ ಮುಖ್ಯ.

ಮೊದಲನೆಯದು ಹಾಜರಿ ಸಂಖ್ಯೆ ಹುಡುಕುವ ಆಟ. ತರಗತಿಯಲ್ಲಿ 40 ಮಕ್ಕಳು. ಒಬ್ಬಳು ಮನಸ್ಸಿನಲ್ಲಿ ಒಂದು ಹಾಜರಿ ಸಂಖ್ಯೆ ಇಟ್ಟುಕೊಳ್ಳುತ್ತಾಳೆ, ಉಳಿದವರು ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರ ಬರುವ ಪ್ರಶ್ನೆ ಕೇಳಬೇಕು. ಮಕ್ಕಳು ಸಹಜವಾಗಿ ‘7 ಆ? 12 ಆ?’ ಎಂದು ಶುರುಮಾಡುತ್ತಾರೆ. ಅದೃಷ್ಟ ಕೆಟ್ಟರೆ 39 ಪ್ರಶ್ನೆ ಬೇಕು. ‘20ಕ್ಕಿಂತ ಜಾಸ್ತಿಯಾ?’ ಎಂದು ಪ್ರತಿ ಸಲ ಅರ್ಧಕ್ಕೆ ಸೀಳುತ್ತ ಹೋದರೆ 40, 20, 10, 5, 3, 2, 1 ಎಂದು ಇಳಿದು ಆರೇ ಪ್ರಶ್ನೆಯಲ್ಲಿ ಮುಗಿಯುತ್ತದೆ. ತರಗತಿಯಲ್ಲಿ 32 ಮಕ್ಕಳಿದ್ದರೆ ಐದೇ ಸಾಕು. ಆಟ ಕೆಡುವ ಜಾಗ ಒಂದೇ: ‘20ಕ್ಕಿಂತ ಜಾಸ್ತಿ’ಯಲ್ಲಿ 20 ಸೇರಿತೋ ಇಲ್ಲವೋ ಎಂಬ ಜಗಳ. ಶಿಕ್ಷಕರು ಆ ಜಗಳವನ್ನು ತಡೆಯಬಾರದು. ದೊಡ್ಡ ಪ್ರೋಗ್ರಾಮರುಗಳೂ ದಿನವಿಡೀ ತಲೆಕೆಡಿಸಿಕೊಳ್ಳುವ ತಪ್ಪು ಅದೇ.

ಎರಡನೆಯದು ನೆಲದ ಮೇಲಿನ ರೋಬೋ. ಅಂಗಳದಲ್ಲಿ ಒಂದೂವರೆ ಅಡಿಯ ಚೌಕಗಳನ್ನು ಐದೈದರಂತೆ, ಒಟ್ಟು 25, ಬರೆಯಿರಿ. ಎರಡು ಮೂರು ಚೌಕದಲ್ಲಿ ಚಪ್ಪಲಿ ಇಟ್ಟು ಅಡ್ಡಿ ಮಾಡಿ. ಐದೈದು ಮಕ್ಕಳ ಗುಂಪು: ಇಬ್ಬರು ಆಜ್ಞೆ ಬರೆಯುವವರು, ಒಬ್ಬ ರೋಬೋ, ಒಬ್ಬ ಓದಿ ಹೇಳುವವ, ಒಬ್ಬ ತಪ್ಪು ಗುರುತು ಹಾಕುವವ. ಆಜ್ಞೆಗಳು ಮೂರೇ: ಮುಂದೆ ಒಂದು ಹೆಜ್ಜೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಎಲ್ಲ ಆಜ್ಞೆಯನ್ನೂ ಮೊದಲೇ ಚೀಟಿಯಲ್ಲಿ ಬರೆದುಬಿಡಬೇಕು, ನಡುವೆ ತಿದ್ದುವಂತಿಲ್ಲ. ರೋಬೋ ಆದವ ಹೇಳಿದ್ದಷ್ಟೇ ಮಾಡಬೇಕು, ಸ್ವಂತ ಬುದ್ಧಿ ಓಡಿಸಕೂಡದು. ಎಂಟು ವರ್ಷದವರಿಗೆ ಇದೇ ಎಲ್ಲಕ್ಕಿಂತ ಕಷ್ಟ.

ಮೊದಲ ಸುತ್ತಿನಲ್ಲಿ ಎರಡು ತಪ್ಪು ಬಂದೇ ಬರುತ್ತವೆ. ರೋಬೋ ನಮ್ಮ ಕಡೆ ಮುಖ ಮಾಡಿ ನಿಂತಾಗ ಅದರ ಎಡ ನಮ್ಮ ಬಲವಾಗಿರುತ್ತದೆ. ಇನ್ನೊಂದು, ‘ಎಡಕ್ಕೆ ತಿರುಗು’ ಅಂದರೆ ನಿಂತಲ್ಲೇ ತಿರುಗುವುದೋ, ತಿರುಗಿ ಒಂದು ಹೆಜ್ಜೆ ಇಡುವುದೋ? ಎಲ್ಲಿ ತಪ್ಪಿತೋ ಆ ಸಾಲಿಗೆ ಗುರುತು ಹಾಕಿ, ಅದೊಂದನ್ನೇ ತಿದ್ದಿ, ಮತ್ತೆ ಮೊದಲಿನಿಂದ ನಡೆಸಬೇಕು. ಇಡೀ ಚೀಟಿ ಹರಿದು ಹೊಸದಾಗಿ ಬರೆಯಲು ಬಿಟ್ಟರೆ ತಪ್ಪು ಹುಡುಕುವುದನ್ನು ಮಗು ಕಲಿಯುವುದಿಲ್ಲ.

ಮೂರನೆಯದೇ ಎಐ ಪಾಠ, ಇದಕ್ಕೆ ಸ್ವಲ್ಪ ತಯಾರಿ ಬೇಕು. ಹಸು ಮತ್ತು ಎಮ್ಮೆಗಳ 24 ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿ. 16 ಚಿತ್ರ ಕಲಿಸಲು, 8 ಪರೀಕ್ಷೆಗೆ. ಕಲಿಸುವ ಕಂತಿನಲ್ಲಿ ಎಂಟು ಹಸು, ಎಂಟು ಎಮ್ಮೆ. ಹಸುಗಳೆಲ್ಲ ಹಳ್ಳಿಕಾರ್ ತರಹದ ಬೂದು ಅಥವಾ ಬಿಳಿ, ಎಮ್ಮೆಗಳೆಲ್ಲ ಕಪ್ಪು ಇರುವಂತೆ ಬೇಕೆಂದೇ ಆರಿಸಿ. ನಾಲ್ಕು ಮಕ್ಕಳ ಗುಂಪನ್ನು ‘ಯಂತ್ರ’ ಮಾಡಿ. ತಾವು ಬೇರೆ ಲೋಕದಿಂದ ಬಂದವರು, ಹಸು ಎಮ್ಮೆ ಯಾವುದನ್ನೂ ಕಂಡಿಲ್ಲ ಎಂದು ಅವರು ಅಭಿನಯಿಸಬೇಕು. ಒಂದೊಂದೇ ಕಾರ್ಡು ತೋರಿಸಿ ಹೆಸರು ಹೇಳುತ್ತ ಹೋಗಿ. ಆಮೇಲೆ ಯಂತ್ರ ತನ್ನ ನಿಯಮವನ್ನು ಹಲಗೆಯ ಮೇಲೆ ಬರೆಯಬೇಕು. ಬಹುತೇಕ ‘ಕಪ್ಪಿದ್ದರೆ ಎಮ್ಮೆ’ ಎಂದೇ ಬರೆಯುತ್ತದೆ.

ಈಗ ಪರೀಕ್ಷೆಯ ಕಾರ್ಡುಗಳ ನಡುವಿನಿಂದ ಒಂದು ಕಪ್ಪು ಮಲೆನಾಡು ಗಿಡ್ಡ ಹಸುವನ್ನು ತೆಗೆಯಿರಿ. ಯಂತ್ರ ಅದನ್ನು ‘ಎಮ್ಮೆ’ ಎನ್ನುತ್ತದೆ, ಇಡೀ ತರಗತಿ ನಗುತ್ತದೆ. ತಪ್ಪು ಯಾರದು ಎಂದು ಆಗ ಕೇಳಬೇಕು. ಯಂತ್ರ ನಿಯಮವನ್ನು ಸರಿಯಾಗಿಯೇ ಹಿಡಿದಿತ್ತು. ಅದಕ್ಕೆ ತೋರಿಸಿದ ಚಿತ್ರಗಳಲ್ಲೇ ಕಪ್ಪು ಹಸು ಇರಲಿಲ್ಲ. ಅದನ್ನೂ ಸೇರಿಸಿ ಇನ್ನೊಮ್ಮೆ ಕಲಿಸಿದರೆ ಯಂತ್ರ ಬಣ್ಣ ಬಿಟ್ಟು ಕೊಂಬಿನ ಆಕಾರ, ಗಂಗೆದೊಗಲು, ಭುಜದ ಡುಬ್ಬ ನೋಡಲು ಶುರುಮಾಡುತ್ತದೆ. ಯಂತ್ರ ಉದಾಹರಣೆಗಳಿಂದ ಕಲಿಯುತ್ತದೆ, ಉದಾಹರಣೆ ಏಕಪಕ್ಷೀಯವಾದರೆ ತೀರ್ಪೂ ಹಾಗೇ ಆಗುತ್ತದೆ ಎಂಬ ವಿಷಯವನ್ನು ದೊಡ್ಡ ತರಗತಿಯಲ್ಲಿ ‘ಡೇಟಾ ಬಯಾಸ್’ ಎಂದು ಕರೆಯುತ್ತಾರೆ. ಮೂರನೇ ಕ್ಲಾಸಿಗೆ ಆ ಹೆಸರಿನ ಗೊಡವೆ ಬೇಡ. ಒಂದು ಎಚ್ಚರ: ಊರಿನ ಮಕ್ಕಳಿಗೆ ಹಸು ಎಮ್ಮೆ ಚೆನ್ನಾಗಿ ಗೊತ್ತಿರುವುದರಿಂದ ಅಭಿನಯ ಮರೆತು ಸರಿ ಉತ್ತರ ಹೇಳಿಬಿಡುತ್ತಾರೆ. ಅಂಥಲ್ಲಿ ಅವರಿಗೆ ಗೊತ್ತಿಲ್ಲದ ಎರಡು ಜಾತಿಯ ಎಲೆಗಳನ್ನು ಬಳಸುವುದು ಲೇಸು.

ಮೇಲಿನ ತರಗತಿಗಳಲ್ಲಿ

ಇಲ್ಲಿಂದ ಮುಂದೆ ಯಂತ್ರ ಬೇಕೇ ಬೇಕು. ಸಿಬಿಎಸ್‌ಇ 6ನೇ ತರಗತಿಯಿಂದ 15 ಗಂಟೆಗಳ ಎಐ ಕಿರುಪಾಠವನ್ನು ಕೌಶಲ ವಿಭಾಗದಲ್ಲಿ ಇಟ್ಟಿದೆ. 9 ಮತ್ತು 10ರಲ್ಲಿ ಎಐ ಒಂದು ಐಚ್ಛಿಕ ವಿಷಯ, ಸಂಕೇತ ಸಂಖ್ಯೆ 417. ಲಿಖಿತಕ್ಕೆ 50, ಪ್ರಾಯೋಗಿಕಕ್ಕೆ 50 ಅಂಕ. ಇದನ್ನು ಆರನೇ ವಿಷಯವಾಗಿ ತೆಗೆದುಕೊಂಡು ಪಾಸಾದ ವಿದ್ಯಾರ್ಥಿ ವಿಜ್ಞಾನ, ಗಣಿತ ಅಥವಾ ಸಮಾಜದಲ್ಲಿ ಒಂದರಲ್ಲಿ ಅನುತ್ತೀರ್ಣನಾದರೆ ಅದರ ಜಾಗಕ್ಕೆ ಇದು ಬರುತ್ತದೆ. ಹಲವರು ಈ ವಿಷಯ ಆರಿಸಿಕೊಳ್ಳುವುದಕ್ಕೆ ಎಐ ಮೇಲಿನ ಪ್ರೀತಿಗಿಂತ ಈ ನಿಯಮವೇ ಹೆಚ್ಚಿನ ಕಾರಣ ಎಂದರೆ ತಪ್ಪಾಗಲಾರದು. 11-12ರ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೋಗಿ ಪೈಥಾನ್ ಎಂಬ ಭಾಷೆ ಬಂದಿದೆ. ಕಾರಣ ಸರಳ: ಪರದೆಯ ಮೇಲೆ ‘ನಮಸ್ಕಾರ’ ಮೂಡಿಸಲು ಸಿ ಪ್ಲಸ್ ಪ್ಲಸ್‌ನಲ್ಲಿ ಐದಾರು ಸಾಲು, ಪೈಥಾನ್‌ನಲ್ಲಿ ಒಂದೇ ಸಾಲು. ಹೊಸಬರು ವ್ಯಾಕರಣದಲ್ಲಿ ಮುಳುಗುವ ಬದಲು ಲೆಕ್ಕದ ಕಡೆ ಗಮನ ಕೊಡಬಹುದು.

ಪುಸ್ತಕದ ಅಂಚಿನ ಕಪ್ಪು ಚೌಕ

ಪಾಠದ ಒಳಗಿನದು ಒಂದು ಬದಲಾವಣೆ, ಪುಸ್ತಕದ ಮೈಯಲ್ಲಿ ಆದದ್ದು ಇನ್ನೊಂದು. ಪಠ್ಯಪುಸ್ತಕಗಳಲ್ಲಿ ಪಾಠದ ಶುರುವಿಗೆ ಕಾಣುವ ಕಪ್ಪು ಬಿಳುಪು ಕ್ಯೂಆರ್ ಚೌಕ, 2017ರ ಸೆಪ್ಟೆಂಬರ್ 5ರಂದು ಆರಂಭವಾದ ‘ದೀಕ್ಷಾ’ ಎಂಬ ಡಿಜಿಟಲ್ ಪಾಠಗಳ ವೇದಿಕೆಗೆ ಬಾಗಿಲು. ಅದರ ಹಿಂದಿನ ‘ಸನ್‌ಬರ್ಡ್’ ತಂತ್ರಾಂಶ ಹುಟ್ಟಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ. ಚೌಕವನ್ನು ಸ್ಕ್ಯಾನ್ ಮಾಡಿದರೆ ಆ ಪಾಠದ ವೀಡಿಯೊ, ಅಭ್ಯಾಸ ಪ್ರಶ್ನೆ ತೆರೆದುಕೊಳ್ಳುತ್ತವೆ.

ಸ್ಕ್ಯಾನ್ ಆಗದಿದ್ದರೆ ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ. ಚೌಕದ ಕೆಳಗೆ ಆರು ಅಕ್ಷರ ಮತ್ತು ಅಂಕೆಗಳ ಒಂದು ಸಂಕೇತ ಅಚ್ಚಾಗಿರುತ್ತದೆ. ಅದನ್ನು ಆ್ಯಪ್‌ನಲ್ಲಿ ಟೈಪಿಸಿದರೂ ಅದೇ ಪಾಠ ಬರುತ್ತದೆ. ಪುಟ ಹೊಲಿಗೆಯ ಕಡೆ ಬಾಗಿದ್ದರೆ, ಅಚ್ಚಿನ ಶಾಯಿ ಹರಡಿದ್ದರೆ, ಚೌಕದ ಮೂರು ಮೂಲೆಯ ದೊಡ್ಡ ಗುರುತುಗಳಲ್ಲಿ ಒಂದರ ಮೇಲೆ ಮಗು ಪೆನ್ನಿನಲ್ಲಿ ಗೀಚಿದ್ದರೆ ಕ್ಯಾಮೆರಾಕ್ಕೆ ಅದು ಓದಲಾಗದು. ಇನ್ನೊಂದು ತೊಡಕು ಪರಿಷ್ಕರಣೆಯದು. ಪುಸ್ತಕ ಬದಲಾದ ವರ್ಷ ಅಣ್ಣನ ಹಳೆ ಪುಸ್ತಕದ ಚೌಕ ಹಳೆಯ ಪಾಠಕ್ಕೇ ಹೋಗುತ್ತದೆ. ಶಾಲೆಯಲ್ಲಿ ನೆಟ್ ಇಲ್ಲದಿದ್ದರೆ ಶಿಕ್ಷಕರು ಮನೆಯಲ್ಲೇ ಪಾಠ ಡೌನ್‌ಲೋಡ್ ಮಾಡಿ ತಂದು ಆ ಕಡತವನ್ನೇ ಇನ್ನೊಂದು ಫೋನಿಗೆ ದಾಟಿಸಬಹುದು.

ಕನ್ನಡಕ್ಕೇ ಅಂಟಿದ ಒಂದು ಸಮಸ್ಯೆಯೂ ಇದೆ. ಹಳೆಯ ಕನ್ನಡ ಪಿಡಿಎಫ್‌ಗಳು ಹಲವು ಯೂನಿಕೋಡ್‌ಗಿಂತ (ಎಲ್ಲ ಯಂತ್ರಗಳೂ ಒಂದೇ ರೀತಿ ಓದಬಲ್ಲ ಅಕ್ಷರ ಸಂಕೇತ ವ್ಯವಸ್ಥೆಗಿಂತ) ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದವು. ಕಣ್ಣಿಗೆ ಅವು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಒಂದು ಪದ ಹುಡುಕಿದರೆ ಸಿಗದು, ನಕಲು ಮಾಡಿ ಅಂಟಿಸಿದರೆ ಕಸ ಬರುತ್ತದೆ, ದೃಷ್ಟಿಹೀನ ಮಕ್ಕಳ ಓದುವ ತಂತ್ರಾಂಶಕ್ಕೂ ಬಾಯಿ ಕಟ್ಟುತ್ತದೆ.

ಪರೀಕ್ಷೆ ಮತ್ತು ಮನೆಗೆಲಸ

ಶಿಕ್ಷಕರನ್ನು ಕೇಳಿ ನೋಡಿ: ಪರೀಕ್ಷೆಗೆ ಬಾರದ ಪಾಠ ಜನವರಿ ಬರುವ ಹೊತ್ತಿಗೆ ತರಗತಿಯಿಂದ ಮಾಯವಾಗಿರುತ್ತದೆ. ಹಾಗಾಗಿ ಬದಲಾವಣೆ ನಿಜವೋ ಕಾಗದದ ಮೇಲಿನದೋ ಎಂದು ತಿಳಿಯಲು ಪ್ರಶ್ನೆಪತ್ರಿಕೆ ನೋಡುವುದೇ ಹತ್ತಿರದ ದಾರಿ. ಸಿಬಿಎಸ್‌ಇ 9ರಿಂದ 12ರವರೆಗಿನ ಪತ್ರಿಕೆಗಳಲ್ಲಿ ಅರ್ಧದಷ್ಟನ್ನು ಸಾಮರ್ಥ್ಯ ಆಧಾರಿತ ಪ್ರಶ್ನೆಗಳಿಗೆ ಮೀಸಲಿಟ್ಟಿದೆ. ಹಾಗೆಂದರೇನು? ‘ವಿದ್ಯುತ್ ಶಕ್ತಿಯ ಏಕಮಾನ ಬರೆಯಿರಿ’ ಎನ್ನುವುದು ನೆನಪಿನ ಪ್ರಶ್ನೆ. ‘60 ವ್ಯಾಟ್ ಬಲ್ಬಿನ ಬದಲು 9 ವ್ಯಾಟಿನ ಎಲ್‌ಇಡಿ ಹಾಕಿ ದಿನಕ್ಕೆ 5 ಗಂಟೆ ಉರಿಸಿದರೆ 30 ದಿನದಲ್ಲಿ ಎಷ್ಟು ಯೂನಿಟ್ ಉಳಿಯುತ್ತದೆ’ ಎನ್ನುವುದು ಸಾಮರ್ಥ್ಯದ ಪ್ರಶ್ನೆ. ಹಳೆ ಬಲ್ಬು 9 ಯೂನಿಟ್, ಎಲ್‌ಇಡಿ 1.35 ಯೂನಿಟ್, ಉಳಿತಾಯ 7.65. ಇಂಥದಕ್ಕೆ ಗೈಡಿನ ಉತ್ತರ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯನ್ನು 2026-27ರಿಂದ 9ನೇ ತರಗತಿಯ ಆಂತರಿಕ ಮೌಲ್ಯಮಾಪನಕ್ಕೆ ತರಲು ಮಂಡಳಿ ಒಪ್ಪಿರುವುದೂ ಇದೇ ದಾರಿಯಲ್ಲಿ.

ಮನೆಗೆಲಸದ ಕಥೆ ಬೇರೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಮೇಲೆ ‘200 ಪದಗಳ ಪ್ರಬಂಧ ಬರೆದು ತಾ’ ಎಂಬ ಹೋಂವರ್ಕ್ ಸುಮಾರಾಗಿ ಸತ್ತಂತೆಯೇ. ಈ ಯಂತ್ರಗಳು ಅಪಾರ ಬರಹ ಓದಿ, ಇಲ್ಲಿಯವರೆಗಿನ ಪದಗಳ ನಂತರ ಯಾವ ತುಣುಕು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ವಾಕ್ಯ ಹೆಣೆಯುತ್ತವೆ. ಹೊಂದಿಕೊಳ್ಳುವಂತೆ ಹೇಳುವುದು ಅವಕ್ಕೆ ಬರುತ್ತದೆ. ಹೇಳಿದ್ದು ನಿಜವೇ ಎಂಬ ಖಾತ್ರಿ ಇಲ್ಲ. ತಡೆಯಲು ಹೋಗಿ ಸೋಲುವ ಬದಲು ಕೆಲವು ಶಿಕ್ಷಕರು ಅದನ್ನೇ ಪಾಠ ಮಾಡಿಕೊಳ್ಳುತ್ತಾರೆ. ಕಿತ್ತೂರು ಚೆನ್ನಮ್ಮನ ಯುದ್ಧ 1857ರಲ್ಲಿ ನಡೆಯಿತು ಎಂಬ ತಪ್ಪಿರುವ ಒಂದು ಪ್ಯಾರಾ ಕೊಟ್ಟು, ಪಠ್ಯಪುಸ್ತಕ ಇಟ್ಟುಕೊಂಡು ತಪ್ಪು ಹುಡುಕಿ ಎನ್ನುವುದು ಒಂದು ಬಗೆ. 1824 ಎಂದು ಮಗು ತಿದ್ದಿದರೆ ಪಾಠವೂ ಓದಿದಂತಾಯಿತು, ಯಂತ್ರವನ್ನು ಅನುಮಾನಿಸಲೂ ಕಲಿತಂತಾಯಿತು. ಮನೆಯ ಒಂದು ವಾರದ ಹಸಿ ಕಸವನ್ನು ತೂಗಿ ನಕ್ಷೆ ಬರೆದು ತರುವಂಥ ಕೆಲಸ ಇನ್ನೊಂದು ಬಗೆ. ನಿಮ್ಮ ಮನೆಯ ಕಸದ ತೂಕ ಯಾವ ಯಂತ್ರಕ್ಕೂ ಗೊತ್ತಿರುವುದಿಲ್ಲ. ತರಗತಿಯಲ್ಲಿ ಇಂಥ ಸಾಧನಗಳನ್ನು ಮಕ್ಕಳೇ ಬಳಸಲು 13 ವರ್ಷದ ಕನಿಷ್ಠ ಮಿತಿ ಇರಲಿ ಎಂದು ಯುನೆಸ್ಕೋ 2023ರಲ್ಲಿ ಸಲಹೆ ಕೊಟ್ಟಿದೆ.

ಲೆಕ್ಕ ಎಲ್ಲಿ ತಪ್ಪುತ್ತದೆ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ವಾರಕ್ಕೆ ಆರು ದಿನ ಎಂದರೆ ಸುಮಾರು 33 ವಾರ. ವಾರಕ್ಕೊಂದು 40 ನಿಮಿಷದ ಅವಧಿ ಎಐಗೆ ಕೊಟ್ಟರೆ ವರ್ಷಕ್ಕೆ 22 ಗಂಟೆ, ಅಂದರೆ ನೂರಕ್ಕೆ ಮೂರು ಪಾಲೂ ಇಲ್ಲ. ಆದರೆ ವೇಳಾಪಟ್ಟಿ ಹಿಗ್ಗುವ ರಬ್ಬರ್ ಅಲ್ಲ. ಹೊಸದೊಂದು ಅವಧಿ ಸೇರಿದರೆ ಹಳೆಯದೊಂದು ಹೋಗಬೇಕು. ಹೋಗುವುದು ಸಾಮಾನ್ಯವಾಗಿ ಚಿತ್ರಕಲೆ, ಸಂಗೀತ, ಆಟ. ಗಣಿತದ ಅವಧಿಯ ಒಳಗೇ ಇದನ್ನು ಹೊಸೆದರೆ ಆ ನಷ್ಟ ತಪ್ಪುತ್ತದೆ, ಆದರೆ ಅದಕ್ಕೆ ಗಣಿತದ ಶಿಕ್ಷಕರಿಗೆ ತರಬೇತಿ ಬೇಕು.

ಲ್ಯಾಬಿನ ಲೆಕ್ಕ ಇನ್ನೂ ಬಿಗಿ. 40 ಮಕ್ಕಳು, ಕೆಲಸ ಮಾಡುವ 10 ಯಂತ್ರ. 40 ನಿಮಿಷದಲ್ಲಿ ಸಾಲು ಮಾಡಿ ಕೂತು ಯಂತ್ರ ಆನ್ ಆಗುವುದಕ್ಕೆ 5, ಮುಚ್ಚಿ ಹೊರಡುವುದಕ್ಕೆ 5. ಉಳಿದ 30 ನಿಮಿಷವನ್ನು ನಾಲ್ವರಿಗೆ ಹಂಚಿದರೆ ತಲೆಗೆ ಏಳೂವರೆ ನಿಮಿಷ. ಒಂದು ವಾರವೂ ತಪ್ಪದಿದ್ದರೆ ವರ್ಷಕ್ಕೆ ನಾಲ್ಕು ಗಂಟೆಗಿಂತ ತುಸು ಹೆಚ್ಚು. ಕರೆಂಟು ಹೋದ ದಿನಗಳನ್ನು ಇದರಿಂದ ಕಳೆಯಿರಿ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಟೈಪಿಸುವಾಗ ಇನ್ನೊಬ್ಬರು ಮುಂದಿನ ಹೆಜ್ಜೆ ಹೇಳುವಂತೆ ಕೂರಿಸಿದರೆ, ಉಳಿದ 20 ಮಕ್ಕಳಿಗೆ ಅದೇ ಹೊತ್ತಿಗೆ ಕಾಗದದ ಕೆಲಸ ಕೊಟ್ಟರೆ, ಏಳೂವರೆ ನಿಮಿಷ ಹದಿನೈದಾಗುತ್ತದೆ. ಯಂತ್ರ ಒಂದೂ ಹೆಚ್ಚಾಗಬೇಕಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯ ಶಾಲೆಗಳಿಂದ ಸಂಗ್ರಹಿಸುವ 2024-25ರ ಯುಡೈಸ್ ಪ್ಲಸ್ ಅಂಕಿಗಳ ಪ್ರಕಾರ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಇರುವುದು ಸುಮಾರು 65 ಶೇಕಡಾ ಕಡೆ, ಇಂಟರ್ನೆಟ್ ಇರುವುದು 63 ಶೇಕಡಾ ಕಡೆ. ‘ಇದೆ’ ಎಂದು ಬರೆದಲ್ಲೂ ಯುಪಿಎಸ್ ಬ್ಯಾಟರಿ ಸತ್ತು ಲ್ಯಾಬಿಗೆ ಬೀಗ ಬಿದ್ದಿರಬಹುದು. ಬ್ಯಾಟರಿಯ ಆಯಸ್ಸು ಮೂರು ನಾಲ್ಕು ವರ್ಷ. ಲ್ಯಾಬು ಕೊಡುವ ಯೋಜನೆಗಳಲ್ಲಿ ನಿರ್ವಹಣೆಯ ಹಣಕ್ಕೆ ಅವಧಿ ಇರುತ್ತದೆ; ಅದು ಮುಗಿದಮೇಲೆ ಹೊಸ ಬ್ಯಾಟರಿಗೆ ದುಡ್ಡು ಯಾವ ಬಾಬ್ತಿನಿಂದ ಎಂಬುದು ಮುಖ್ಯೋಪಾಧ್ಯಾಯರ ತಲೆನೋವು.

‘ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತದೆ’ ಎಂದು ಹೇಳಿ ಆ್ಯಪ್ ಮಾರುವವರಿಗೆ ಒಂದು ಮಾತು: 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲಿ ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳ ಮೂಲಕ ಅದನ್ನೇ ಮಾಡಿದ್ದರು. ಅಲ್ಲೂ ಎಡವಿದ್ದು ಕಾರ್ಡು ಹರಿದಾಗ, ಬೇರೆ ಬೇರೆ ಮೆಟ್ಟಿಲಿನ ಮಕ್ಕಳನ್ನು ಒಬ್ಬರೇ ಶಿಕ್ಷಕರು ನೋಡಿಕೊಳ್ಳಬೇಕಾದಾಗ.

ಬೇರೆ ದೇಶಗಳು ಕಂಡದ್ದು

ಇಂಗ್ಲೆಂಡ್ 2014ರ ಸೆಪ್ಟೆಂಬರ್‌ನಲ್ಲಿ ಹಳೆಯ ಐಸಿಟಿ ವಿಷಯ ತೆಗೆದು ಐದನೇ ವಯಸ್ಸಿನಿಂದಲೇ ‘ಕಂಪ್ಯೂಟಿಂಗ್’ ತಂದಿತು. 2016ರಲ್ಲಿ ಸುಮಾರು 10 ಲಕ್ಷ ಮಕ್ಕಳಿಗೆ ಅಂಗೈಯಗಲಕ್ಕಿಂತ ಸಣ್ಣ ಮೈಕ್ರೋಬಿಟ್ ಸಾಧನವನ್ನು ಪುಕ್ಕಟೆ ಕೊಟ್ಟರು. ಆದರೆ 16ನೇ ವಯಸ್ಸಿನ ಪರೀಕ್ಷೆಯಲ್ಲಿ ಸುಲಭದ ಐಸಿಟಿ ಹೋಗಿ ಕಠಿಣ ಕಂಪ್ಯೂಟರ್ ಸೈನ್ಸ್ ಒಂದೇ ಉಳಿದಾಗ, ಈ ಕಡೆ ಬರುವ ಹುಡುಗಿಯರ ಸಂಖ್ಯೆ ಕುಸಿಯಿತು. ಸ್ವೀಡನ್ ಇನ್ನೊಂದು ದಿಕ್ಕಿಗೆ ಹೊರಳಿತು. 2023ರಲ್ಲಿ ಅಲ್ಲಿನ ಸರ್ಕಾರ ಸಣ್ಣ ಮಕ್ಕಳ ಕೈಯ ಪರದೆ ಕಡಿಮೆ ಮಾಡಿ ಅಚ್ಚಿನ ಪುಸ್ತಕಕ್ಕೆ ಹಣ ಇಟ್ಟಿತು. ಇವೆರಡೂ ಒಂದಕ್ಕೊಂದು ವಿರುದ್ಧ ಅಲ್ಲ. ಕಂಪ್ಯೂಟರ್ ಬಗ್ಗೆ ಕಲಿಯುವುದು ಒಂದು, ಎಲ್ಲವನ್ನೂ ಕಂಪ್ಯೂಟರಿನಿಂದಲೇ ಕಲಿಯುವುದು ಇನ್ನೊಂದು.

ಶಾಲೆಗೆ ಹೋದಾಗ ಏನು ಕೇಳಬೇಕು

ಪೋಷಕರ ಸಭೆಯಲ್ಲಿ ‘ನಿಮ್ಮಲ್ಲಿ ಎಐ ಇದೆಯಾ’ ಎಂದರೆ ಎಲ್ಲ ಶಾಲೆಯೂ ‘ಇದೆ’ ಎನ್ನುತ್ತದೆ. ಬದಲಿಗೆ, ವಾರಕ್ಕೆ ಎಷ್ಟು ಅವಧಿ, ಅದು ಯಾವ ವಿಷಯದಿಂದ ತೆಗೆದದ್ದು ಎಂದು ಕೇಳಿ. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು ಕೂರುತ್ತಾರೆ, ಪಾಠ ಮಾಡುವವರು ಶಾಲೆಯ ಶಿಕ್ಷಕರೋ ಹೊರಗಿನ ಕಂಪನಿಯವರೋ, ಕಂಪನಿಯವರಾದರೆ ಒಪ್ಪಂದ ಮುಗಿದ ವರ್ಷ ಯಾರು ಮುಂದುವರಿಸುತ್ತಾರೆ ಎಂದು ಕೇಳಿ. ಮಗುವಿನ ಈ ತಿಂಗಳ ಒಂದು ಕೆಲಸ ತೋರಿಸಲು ಹೇಳಿ. ಬರೀ ‘ಎಐ ಎಂದರೇನು’ ಎಂಬ ಪ್ರಶ್ನೋತ್ತರದ ನೋಟ್ಸ್ ಬಂದರೆ ಅದು ಹಳೆಯ ‘ಸಿಪಿಯು ಎಂದರೇನು’ ಪಾಠವೇ, ಹೊಸ ಅಂಗಿ ತೊಟ್ಟದ್ದು.

ಆ್ಯಪ್ ಹಾಕಿಕೊಳ್ಳಿ ಎಂದು ಶಾಲೆ ಹೇಳಿದಾಗ ಇನ್ನೊಂದು ಸಂಗತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಪಡೆಯಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಮಕ್ಕಳ ಚಲನವಲನ ಹಿಂಬಾಲಿಸಿ ಅವರಿಗೇ ಗುರಿಯಿಟ್ಟ ಜಾಹೀರಾತು ತೋರಿಸುವಂತಿಲ್ಲ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಕಲಂಗಳ ಜಾರಿಗೆ 18 ತಿಂಗಳ ಗಡುವು ಇಟ್ಟಿವೆ. ಶಿಕ್ಷಣ ಸಂಸ್ಥೆಗಳಿಗೆ ಪಾಠ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳೂ ಇವೆ. ಆ್ಯಪ್ ಹಾಕುವಾಗ ಫೋನ್‌ಬುಕ್, ಸ್ಥಳ, ಮೈಕ್ ಎಂದು ಅದು ಅನುಮತಿ ಕೇಳಿದರೆ, ಗಣಿತದ ಅಭ್ಯಾಸಕ್ಕೆ ಫೋನ್‌ಬುಕ್ ಯಾಕೆ ಬೇಕು ಎಂದು ಯೋಚಿಸಿ ‘ಬೇಡ’ ಒತ್ತಿ. ಹೆಚ್ಚಿನವು ಆಮೇಲೂ ನಡೆಯುತ್ತವೆ. ನಡೆಯದಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದು, ಕಾರಣ ಏನೆಂದು ಶಾಲೆಯನ್ನು ಬರಹದಲ್ಲೇ ಕೇಳಿ.